107 ಎಸೆತ, 66 ರನ್: ವಿಶ್ವಕಪ್ ಫೈನಲ್ ಸೋಲಿಗೆ ಕೆ.ಎಲ್. ರಾಹುಲ್ ಒಬ್ಬರೇ ಕಾರಣವೇ?

2023ರ ನವೆಂಬರ್ 19ರ ರಾತ್ರಿ ಭಾರತ ಏಕದಿನ ವಿಶ್ವಕಪ್ ಫೈನಲ್ ಸೋತಿತು. ಅದರ ಬೆನ್ನಲ್ಲೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಲೆಕ್ಕ ಓಡಾಡಲು ಶುರುವಾಯಿತು. ಕೆ.ಎಲ್. ರಾಹುಲ್ 107 ಎಸೆತ ತಿಂದು 66 ರನ್ ಮಾಡಿದರು, ಬಾರಿಸಿದ್ದು ಒಂದೇ ಒಂದು ಬೌಂಡರಿ, ಹಾಗಾಗಿ ಕಪ್ ಹೋಗಿದ್ದು ಅವರಿಂದಲೇ ಎಂಬುದು ಅದರ ಸಾರ. ಆ ಮಾತು ಅಲ್ಲಿಗೇ ನಿಲ್ಲಲಿಲ್ಲ. ರಾಹುಲ್ ಬೇಗ ಔಟಾದಾಗಲೆಲ್ಲ ಹಳೆಯ ಮೀಮ್ ಹೊಸ ಬಣ್ಣ ಬಳಿದುಕೊಂಡು ಮತ್ತೆ ನಮ್ಮ ಮೊಬೈಲಿಗೆ ಬರುತ್ತದೆ.

ಇದು ನಿಜವೇ? ಚುಟುಕಾಗಿ ಹೇಳುವುದಾದರೆ, ಅಂಕಿ ಸರಿ, ತೀರ್ಮಾನ ತಪ್ಪು. ಯಾಕೆ ಎಂಬುದನ್ನು ಲೆಕ್ಕ ಹಾಕಿಯೇ ನೋಡೋಣ.

ಲೆಕ್ಕ ಯಾಕೆ ಬೇಕು ಎಂದರೆ, ನಾವು ಇದನ್ನು ಬರೆಯುತ್ತಿರುವುದು ಮಂಗಳೂರಿನ ನಂತೂರಿನಲ್ಲಿ. ರಾಹುಲ್ ಬೆಳೆದದ್ದು ಇಲ್ಲಿಗೆ ಹತ್ತಿರದ ಸುರತ್ಕಲ್‌ನಲ್ಲಿ. ‘ನಮ್ಮ ಊರಿನ ಹುಡುಗ’ ಎಂಬ ಅಭಿಮಾನ ಇಲ್ಲಿ ಯಾರಿಗೂ ಕಡಿಮೆಯಿಲ್ಲ. ಅಭಿಮಾನ ವಾದ ಮಾಡಲು ನಿಂತರೆ ಯಾರನ್ನು ಬೇಕಾದರೂ ಗೆಲ್ಲಿಸುತ್ತದೆ. ಆದ್ದರಿಂದ ಅದನ್ನು ಬದಿಗಿಟ್ಟು ಸ್ಕೋರ್‌ಕಾರ್ಡನ್ನೇ ಮುಂದಿಟ್ಟುಕೊಳ್ಳೋಣ.

ರಾಹುಲ್ ಕ್ರೀಸ್‌ಗೆ ಬಂದಾಗ ಏನಾಗಿತ್ತು?

ಅಹಮದಾಬಾದ್‌ನ ನರೇಂದ್ರ ಮೋದಿ ಕ್ರೀಡಾಂಗಣದಲ್ಲಿ ಟಾಸ್ ಗೆದ್ದ ಆಸ್ಟ್ರೇಲಿಯಾ ಮೊದಲು ಬೌಲಿಂಗ್ ಆಯ್ದುಕೊಂಡಿತು. ರೋಹಿತ್ ಶರ್ಮಾ 31 ಎಸೆತಗಳಲ್ಲಿ 47 ರನ್ ಬಾರಿಸಿ ಬಿರುಸಿನ ಆರಂಭ ಕೊಟ್ಟರು. ಮ್ಯಾಕ್ಸ್‌ವೆಲ್ ಓವರ್‌ನಲ್ಲಿ ಒಂದು ಸಿಕ್ಸರ್, ಒಂದು ಬೌಂಡರಿ ಹೊಡೆದ ಮೇಲೂ ಮತ್ತೊಂದು ದೊಡ್ಡ ಹೊಡೆತಕ್ಕೆ ಹೋದರು. ಟ್ರಾವಿಸ್ ಹೆಡ್ ಹಿಂದಕ್ಕೆ ಓಡಿ ಕ್ಯಾಚ್ ಹಿಡಿದರು. ಮರು ಓವರ್‌ನಲ್ಲೇ ಶ್ರೇಯಸ್ ಅಯ್ಯರ್ ಔಟ್. ಶುಭಮನ್ ಗಿಲ್ ಅದಕ್ಕೂ ಮೊದಲೇ 4 ರನ್‌ಗೆ ಪೆವಿಲಿಯನ್ ಸೇರಿದ್ದರು.

10.2 ಓವರ್‌ಗಳಲ್ಲಿ 81 ರನ್, 3 ವಿಕೆಟ್. ರಾಹುಲ್ ಕ್ರೀಸ್‌ಗೆ ಬಂದದ್ದು ಆಗ.

ಇನ್ನೊಂದು ಸಂಗತಿಯನ್ನು ಆ ಫಾರ್ವರ್ಡ್ ಹೇಳುವುದೇ ಇಲ್ಲ. ಹಾರ್ದಿಕ್ ಪಾಂಡ್ಯ ಅಕ್ಟೋಬರ್ 19ರಂದು ಪುಣೆಯಲ್ಲಿ ಬಾಂಗ್ಲಾದೇಶದ ವಿರುದ್ಧ ಆಡುವಾಗ ಕಾಲು ಉಳುಕಿಸಿಕೊಂಡು ಟೂರ್ನಿಯಿಂದಲೇ ಹೊರಬಿದ್ದಿದ್ದರು. ವೇಗದ ಬೌಲಿಂಗನ್ನೂ ಮಾಡಿ ದೊಡ್ಡ ಹೊಡೆತವನ್ನೂ ಹೊಡೆಯುವ ಇನ್ನೊಬ್ಬ ಆಟಗಾರ ತಂಡದಲ್ಲಿರಲಿಲ್ಲ. ಹಾಗಾಗಿ ಕೊಹ್ಲಿ ಮತ್ತು ರಾಹುಲ್ ನಂತರ ಉಳಿದ ಬ್ಯಾಟರ್‌ಗಳು ಎಂದರೆ ಜಡೇಜ ಮತ್ತು ಸೂರ್ಯಕುಮಾರ್ ಮಾತ್ರ. ಅವರಾದ ಮೇಲೆ ಶಮಿ, ಬುಮ್ರಾ, ಕುಲದೀಪ್, ಸಿರಾಜ್. ಮನೆಯಲ್ಲಿ ಅಕ್ಕಿ ಕಡಿಮೆ ಇದ್ದಾಗ ಅಳೆದೇ ಅನ್ನಕ್ಕಿಡಬೇಕಾಗುತ್ತದೆ. ರಾಹುಲ್ ಆಡಿದ್ದು ಅಂಥ ಲೆಕ್ಕದಲ್ಲಿ.

ಅವರೊಬ್ಬರೇ ನಿಧಾನವಾಗಿ ಆಡಿದರೇ?

ಮೊದಲ 10 ಓವರ್‌ಗಳ ನಂತರದ 40 ಓವರ್‌ಗಳಲ್ಲಿ ಇಡೀ ಭಾರತ ತಂಡ ಬಾರಿಸಿದ್ದು ಕೇವಲ 4 ಬೌಂಡರಿ. ಸಿಕ್ಸರ್ ಒಂದೂ ಇಲ್ಲ. ಆ ನಾಲ್ಕರಲ್ಲಿ ಒಂದು ರಾಹುಲ್ ಅವರದು. ‘ಒಂದೇ ಬೌಂಡರಿ’ ಎಂಬ ಮಾತು ಕೇಳಲು ಕೆಟ್ಟದಾಗಿದೆ. ಆದರೆ ಇಡೀ ತಂಡದ ಲೆಕ್ಕದ ಪಕ್ಕದಲ್ಲಿಟ್ಟರೆ ಅದರ ಅರ್ಥ ಬದಲಾಗುತ್ತದೆ.

ಈಗ ಉಳಿದವರ ಆಟ ನೋಡಿ. ವಿರಾಟ್ ಕೊಹ್ಲಿ 63 ಎಸೆತಗಳಲ್ಲಿ 54. ಜಡೇಜ 22 ಎಸೆತಗಳಲ್ಲಿ 9. ಸೂರ್ಯಕುಮಾರ್ 28 ಎಸೆತಗಳಲ್ಲಿ 18. ಕುಲದೀಪ್ 18 ಎಸೆತಗಳಲ್ಲಿ 10. ರಾಹುಲ್ ಕ್ರೀಸ್‌ನಲ್ಲಿದ್ದಷ್ಟು ಹೊತ್ತು ತಂಡ ಎದುರಿಸಿದ್ದು 187 ಎಸೆತ, ಗಳಿಸಿದ್ದು 122 ರನ್. ಅದರಲ್ಲಿ ರಾಹುಲ್ ಪಾಲು 107 ಎಸೆತ, 66 ರನ್. ಇನ್ನೊಂದು ತುದಿಯಿಂದ, ಇತರೆ ರನ್‌ಗಳೂ ಸೇರಿ, ಬಂದದ್ದು 80 ಎಸೆತಗಳಲ್ಲಿ 56. ಅಂದರೆ ಓವರ್‌ಗೆ ರಾಹುಲ್ ಕಡೆಯಿಂದ 3.7 ರನ್, ಇನ್ನೊಂದು ಕಡೆಯಿಂದ 4.2 ರನ್. ರಾಹುಲ್ ನಿಧಾನ ಎಂಬುದು ನಿಜ. ಆದರೆ ಇನ್ನೊಂದು ತುದಿಯಲ್ಲಿ ರನ್ ಹೊಳೆ ಹರಿಯುತ್ತಿತ್ತು, ಇವರು ಅಣೆಕಟ್ಟು ಕಟ್ಟಿದರು ಎಂಬುದು ಸುಳ್ಳು.

ರಾಹುಲ್ ಔಟಾದದ್ದು 41.3ನೇ ಓವರ್‌ನಲ್ಲಿ, ತಂಡದ ಮೊತ್ತ 203 ಆಗಿದ್ದಾಗ. ಆಮೇಲಿನ 51 ಎಸೆತಗಳಲ್ಲಿ ಭಾರತ ಗಳಿಸಿದ್ದು 37 ರನ್, ಕಳೆದುಕೊಂಡದ್ದು 4 ವಿಕೆಟ್. ಸಾಮಾನ್ಯವಾಗಿ ರನ್ ಮಳೆ ಸುರಿಯುವ ಕೊನೆಯ ಓವರ್‌ಗಳ ಕಥೆ ಇದು.

ಎದುರಾಳಿಯ ಪಾಲನ್ನೂ ಮರೆಯುವ ಹಾಗಿಲ್ಲ. ಆಸ್ಟ್ರೇಲಿಯಾದ ನಾಯಕ ಪ್ಯಾಟ್ ಕಮಿನ್ಸ್ 10 ಓವರ್‌ಗಳಲ್ಲಿ ಒಂದೂ ಬೌಂಡರಿ ಬಿಟ್ಟುಕೊಡದೆ 34 ರನ್‌ಗೆ 2 ವಿಕೆಟ್ ಪಡೆದರು. ಪಿಚ್ ನಿಧಾನಗತಿಯದಾಗಿತ್ತು. ಐಸಿಸಿ ಕೂಡ ಆ ಪಿಚ್‌ಗೆ ‘ಸಾಧಾರಣ’ ಎಂಬ ದರ್ಜೆಯನ್ನೇ ಕೊಟ್ಟಿತು. ಸಂಜೆ ದೀಪದ ಬೆಳಕಿನಲ್ಲಿ ಬ್ಯಾಟಿಂಗ್ ಸ್ವಲ್ಪ ಸುಲಭವಾಯಿತು ಎಂದು ಪಂದ್ಯದ ನಂತರ ರೋಹಿತ್ ಹೇಳಿದ್ದರು. ಅದನ್ನು ನೆಪವಾಗಿ ಹೇಳುತ್ತಿಲ್ಲ ಎಂದೂ ಸೇರಿಸಿದ್ದರು.

ಇನ್ನಷ್ಟು ಬೇಗ ಆಡಿದ್ದರೆ ಗೆಲ್ಲುತ್ತಿದ್ದೆವೇ?

ರಾಹುಲ್ ಅದೇ 107 ಎಸೆತಗಳನ್ನು 80ರ ಸ್ಟ್ರೈಕ್ ರೇಟ್‌ನಲ್ಲಿ ಆಡಿದ್ದರೆ ಅವರ ರನ್ ಸುಮಾರು 86 ಆಗುತ್ತಿತ್ತು. ಅಂದರೆ 20 ರನ್ ಹೆಚ್ಚು. ಭಾರತದ ಮೊತ್ತ 240ರ ಬದಲು 260.

ಆಸ್ಟ್ರೇಲಿಯಾ 241 ರನ್ ಗಳಿಸಲು ತೆಗೆದುಕೊಂಡದ್ದು 43 ಓವರ್. ಓವರ್‌ಗೆ ಸರಾಸರಿ 5.6 ರನ್. ಇನ್ನೂ 42 ಎಸೆತ, 6 ವಿಕೆಟ್ ಕೈಯಲ್ಲಿದ್ದವು. ಅದೇ ವೇಗದಲ್ಲಿ 50 ಓವರ್ ಆಡಿದ್ದರೆ ಅವರ ಮೊತ್ತ 280 ಆಗುತ್ತಿತ್ತು. ಅಲ್ಲಿಯವರೆಗೆ ತಂಡವನ್ನು ರಾಹುಲ್ ಒಬ್ಬರೇ ಮುಟ್ಟಿಸಬೇಕಿದ್ದರೆ 107 ಎಸೆತಗಳಲ್ಲಿ 106 ರನ್ ಹೊಡೆಯಬೇಕಿತ್ತು. ಅದೂ ಔಟಾಗದೆ, ಮಿಕ್ಕವರೆಲ್ಲ ಪರದಾಡಿದ ಪಿಚ್‌ನಲ್ಲಿ.

ಗುರಿ 20 ರನ್ ದೊಡ್ಡದಾಗಿದ್ದರೆ ಬೆನ್ನಟ್ಟುವವರ ಮೇಲೆ ಒತ್ತಡ ಹೆಚ್ಚುತ್ತಿತ್ತು, ಹೆಡ್ ತಪ್ಪು ಹೊಡೆತಕ್ಕೆ ಹೋಗಬಹುದಿತ್ತು ಎಂಬ ವಾದವೂ ಇದೆ. ಅದು ನ್ಯಾಯವಾದ ಮಾತು. 20 ರನ್ ಎಂದರೆ ಏನೂ ಅಲ್ಲ ಎಂದು ನಾವು ಹೇಳುವುದಿಲ್ಲ. ಆದರೆ ಬೇಗ ಆಡಲು ಹೋಗಿ 25ನೇ ಓವರ್‌ನಲ್ಲೇ ಔಟಾಗಿದ್ದರೆ ತಂಡ 200ರೊಳಗೆ ಮುಗಿಯುವ ಸಾಧ್ಯತೆಯೂ ಅಷ್ಟೇ ಇತ್ತು. ‘ಹೀಗೆ ಮಾಡಿದ್ದರೆ’ ಎಂಬ ಆಟದಲ್ಲಿ ಒಳ್ಳೆಯ ಫಲವನ್ನಷ್ಟೇ ಆರಿಸಿಕೊಳ್ಳುವುದು ಮೋಸದ ಲೆಕ್ಕ.

ಅದೇ ದಿನ, ಅದೇ ಮೈದಾನ, ಇನ್ನೊಬ್ಬ ಬ್ಯಾಟರ್

ಫಾರ್ವರ್ಡ್‌ನಲ್ಲಿ ಎಂದೂ ಬಾರದ ಒಂದು ಸ್ಕೋರ್ ಇದೆ. ಆಸ್ಟ್ರೇಲಿಯಾದ ಮಾರ್ನಸ್ ಲಾಬುಶೇನ್ ಆ ಫೈನಲ್‌ನಲ್ಲಿ ಗಳಿಸಿದ್ದು 110 ಎಸೆತಗಳಲ್ಲಿ ಔಟಾಗದೆ 58 ರನ್. ಅವರ ಸ್ಟ್ರೈಕ್ ರೇಟ್ 53ರ ಆಸುಪಾಸು. ರಾಹುಲ್ ಅವರದು 62ರ ಆಸುಪಾಸು. ಲಾಬುಶೇನ್ ಬಂದಾಗ ಅವರ ತಂಡವೂ 47 ರನ್‌ಗೆ 3 ವಿಕೆಟ್ ಕಳೆದುಕೊಂಡು ಕಂಗಾಲಾಗಿತ್ತು.

ಹಾಗಿದ್ದರೂ ಲಾಬುಶೇನ್ ಅವರನ್ನು ಯಾರೂ ಬೈಯಲಿಲ್ಲ. ಎದೆಗುಂದದೆ ಒಂದು ತುದಿ ಕಾದರು ಎಂದು ಹೊಗಳಿದರು. ಕಾರಣ, ಇನ್ನೊಂದು ತುದಿಯಲ್ಲಿ ಹೆಡ್ 120 ಎಸೆತಗಳಲ್ಲಿ 137 ರನ್ ಸಿಡಿಸಿದರು. ಇಬ್ಬರೂ ಸೇರಿ 192 ರನ್ ಜೊತೆಯಾಟ ಆಡಿದರು. ಒಬ್ಬ ತುದಿ ಕಾಯುವುದು, ಇನ್ನೊಬ್ಬ ಹೊಡೆಯುವುದು ಹಳೆಯ ಉಪಾಯ. ರಾಹುಲ್ ತುದಿ ಕಾದರು. ಅವರಿಗೆ ಜೊತೆಗಾರನಾಗಿ ಒಬ್ಬ ಹೆಡ್ ಸಿಗಲಿಲ್ಲ.

ಅದೇ ವಿಶ್ವಕಪ್‌ನಲ್ಲಿ ಭಾರತದ ಮೊದಲ ಪಂದ್ಯ ನೆನಪಿಸಿಕೊಳ್ಳಿ. ಅಕ್ಟೋಬರ್ 8, ಚೆನ್ನೈ. ಎದುರಾಳಿ ಇದೇ ಆಸ್ಟ್ರೇಲಿಯಾ, ಗುರಿ 200. ಭಾರತ 2 ರನ್‌ಗೆ 3 ವಿಕೆಟ್ ಕಳೆದುಕೊಂಡಿತ್ತು. ರಾಹುಲ್ ತಾಳ್ಮೆಯಿಂದ ಆಡಿ 115 ಎಸೆತಗಳಲ್ಲಿ ಔಟಾಗದೆ 97 ರನ್ ಗಳಿಸಿ ಗೆಲ್ಲಿಸಿದರು. ಆ ದಿನ ತಾಳ್ಮೆಯನ್ನು ಗುಣ ಎಂದು ಕೊಂಡಾಡಿದೆವು. ಆರು ವಾರ ಕಳೆಯುವಷ್ಟರಲ್ಲಿ ಅದೇ ತಾಳ್ಮೆ ಅಪರಾಧವಾಯಿತು. ಗೆದ್ದೆತ್ತಿನ ಬಾಲ ಹಿಡಿಯುವುದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಮನಸ್ಸು ಒಬ್ಬರನ್ನೇ ಯಾಕೆ ಹಿಡಿಯುತ್ತದೆ?

ಇದಕ್ಕೆ ಮನೋವಿಜ್ಞಾನದಲ್ಲಿ ವಿವರಣೆಯಿದೆ. 1988ರಲ್ಲಿ ಜೊನಾಥನ್ ಬ್ಯಾರನ್ ಮತ್ತು ಜಾನ್ ಹರ್ಷಿ ಎಂಬ ಅಮೆರಿಕದ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ವೈದ್ಯರೊಬ್ಬರು ರೋಗಿಗೆ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡುವ ನಿರ್ಧಾರಕ್ಕೆ ಬಂದರು ಎಂಬಂಥ ಪ್ರಸಂಗಗಳನ್ನು ಜನರಿಗೆ ಕೊಟ್ಟರು. ಮಾಹಿತಿ ಅದೇ, ಅಪಾಯದ ಪ್ರಮಾಣ ಅದೇ, ನಿರ್ಧಾರವೂ ಅದೇ. ಬದಲಾದದ್ದು ಫಲಿತಾಂಶ ಮಾತ್ರ. ರೋಗಿ ಬದುಕಿದ ಎಂದಾಗ ಜನ ಆ ನಿರ್ಧಾರಕ್ಕೆ ಹೆಚ್ಚು ಅಂಕ ಕೊಟ್ಟರು, ಸತ್ತ ಎಂದಾಗ ಕಡಿಮೆ. ಫಲಿತಾಂಶ ನೋಡಿ ನಿರ್ಧಾರವನ್ನು ಅಳೆಯುವ ಈ ಅಭ್ಯಾಸ ನಮ್ಮೆಲ್ಲರಲ್ಲೂ ಇದೆ.

ಎರಡನೆಯದು, ಕಣ್ಣಿಗೆ ಬಿದ್ದದ್ದೇ ಕಾರಣ ಎನ್ನುವ ಅಭ್ಯಾಸ. ಇದಕ್ಕೆ ನಂತೂರು ಸರ್ಕಲ್‌ಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ಕೆಪಿಟಿ, ಪಂಪ್‌ವೆಲ್, ಮಲ್ಲಿಕಟ್ಟೆ, ಬಿಕರ್ನಕಟ್ಟೆ ಹೀಗೆ ನಾಲ್ಕು ದಿಕ್ಕಿನ ವಾಹನಗಳು ಇಲ್ಲಿ ಸೇರುತ್ತವೆ. ಒಂದು ಸ್ಕೂಟರ್‌ಗೆ ಬಸ್ ತಾಗಿದರೆ ಸೇರಿದ ಜನ ಮೊದಲು ಹಿಡಿಯುವುದು ಬಸ್ ಚಾಲಕನ ಕಾಲರ್. ಚಾಲಕನ ತಪ್ಪು ಇರಬಹುದು, ಇದ್ದರೆ ಅದಕ್ಕೆ ಶಿಕ್ಷೆಯೂ ಆಗಬೇಕು. ಆದರೆ ಜಂಕ್ಷನ್‌ನ ವಿನ್ಯಾಸ, ವಾಹನಗಳ ಸಂಖ್ಯೆ, ಮಳೆಯಲ್ಲಿ ಜಾರುವ ರಸ್ತೆ, ಸಮಯ ಪಾಲಿಸಬೇಕಾದ ಒತ್ತಡ ಇವು ಯಾವುದಕ್ಕೂ ಕಾಲರ್ ಇಲ್ಲ. ಇಲ್ಲಿ ಮೇಲ್ಸೇತುವೆ ಬೇಕು ಎಂದು ಜನ ವರ್ಷಗಟ್ಟಲೆ ಕೇಳುತ್ತ ಬಂದದ್ದೇಕೆ? ಚಾಲಕರನ್ನು ಬೈದರಷ್ಟೇ ಅಪಘಾತ ನಿಲ್ಲುವುದಿಲ್ಲ ಎಂಬುದು ಗೊತ್ತಿದ್ದರಿಂದ.

ಕಬಡ್ಡಿ ನೋಡುವವರಿಗೆ ಇದು ಇನ್ನೂ ಬೇಗ ತಿಳಿಯುತ್ತದೆ. ಪ್ರೊ ಕಬಡ್ಡಿಯಲ್ಲಿ ಒಂದು ತಂಡದ ಎರಡು ರೈಡ್‌ಗಳು ಸತತವಾಗಿ ಖಾಲಿ ಹೋದರೆ ಮೂರನೆಯದು ‘ಡೂ ಆರ್ ಡೈ’. ಅದರಲ್ಲಿ ಅಂಕ ತರದಿದ್ದರೆ ರೈಡರ್ ಔಟ್. ಮೂರನೆಯವನು ಸಿಕ್ಕಿಬಿದ್ದರೆ ನಾವು ಅವನನ್ನು ಬೈಯುತ್ತೇವೆ. ಅವನನ್ನು ಆ ಇಕ್ಕಟ್ಟಿಗೆ ತಂದು ನಿಲ್ಲಿಸಿದ ಎರಡು ಖಾಲಿ ರೈಡ್‌ಗಳು ನೆನಪಿಗೇ ಬರುವುದಿಲ್ಲ.

ಅಮೆರಿಕದಲ್ಲೂ ಇದೇ ಜಗಳ

ಇದು ನಮ್ಮ ದೇಶದ ಅಭಿಮಾನಿಗಳ ಕಾಯಿಲೆ ಮಾತ್ರವಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರ ಇರುತ್ತಾನೆ. ದಾಳಿಯ ಸೂತ್ರ ಅವನ ಕೈಯಲ್ಲಿ. ಅವನು ದೂರಕ್ಕೆ ಎಸೆದ ಚೆಂಡನ್ನು ಜೊತೆಗಾರ ಹಿಡಿಯಬೇಕು. ನಡುವೆ ಎದುರಾಳಿ ಹಿಡಿದುಬಿಟ್ಟರೆ ಚೆಂಡಿನ ಹಕ್ಕು ಅವರಿಗೆ ಹೋಗುತ್ತದೆ. ಹೀಗೆ ಚೆಂಡು ಕೈತಪ್ಪುವುದಕ್ಕೆ ‘ಟರ್ನೋವರ್’ ಎನ್ನುತ್ತಾರೆ.

ವಿಚಿತ್ರ ಏನೆಂದರೆ, ಚೆಂಡು ಜೊತೆಗಾರನ ಕೈಗೆ ಸರಿಯಾಗಿ ಬಂದು, ಅವನ ಕೈಯಿಂದ ಪುಟಿದು ಎದುರಾಳಿಗೆ ಸಿಕ್ಕರೂ ದಾಖಲೆಯಲ್ಲಿ ಅದು ಎಸೆದವನ ತಪ್ಪು. ಅವನನ್ನು ಕಾಯಬೇಕಾದ ಆಟಗಾರರು ದಾರಿ ಬಿಟ್ಟು, ಅವಸರದಲ್ಲಿ ಎಸೆಯಬೇಕಾಗಿ ಬಂದರೂ ಅವನದೇ ತಪ್ಪು. ಪುಸ್ತಕದಲ್ಲಿ ಒಂದೇ ಹೆಸರಿಗೆ ಜಾಗ ಇರುವಾಗ ಬೈಗುಳವೂ ಒಬ್ಬನಿಗೇ.

2015ರ ಫೆಬ್ರವರಿ 1ರಂದು ನಡೆದ ಸೂಪರ್ ಬೌಲ್ ಫೈನಲ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಸಿಯಾಟಲ್ ತಂಡ ಗೆರೆ ದಾಟಲು ಒಂದೇ ಗಜ ಬಾಕಿಯಿತ್ತು, ಪಂದ್ಯ ಮುಗಿಯಲು ಅರ್ಧ ನಿಮಿಷವೂ ಇರಲಿಲ್ಲ. ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಎಸೆದ ಚೆಂಡನ್ನು ನ್ಯೂ ಇಂಗ್ಲೆಂಡ್ ತಂಡದ ಮಾಲ್ಕಮ್ ಬಟ್ಲರ್ ಹಿಡಿದರು. ಸಿಯಾಟಲ್ 24–28ರಿಂದ ಸೋತಿತು. ಎಸೆದದ್ದು ವಿಲ್ಸನ್. ಆದರೆ ಚೆಂಡು ಹಿಡಿದು ಓಡಬಲ್ಲ ಬಲಿಷ್ಠ ಆಟಗಾರ ತಂಡದಲ್ಲಿದ್ದರೂ ಎಸೆಯುವ ಯೋಜನೆಯನ್ನು ಒಪ್ಪಿದ್ದು ಕೋಚ್ ಪೀಟ್ ಕ್ಯಾರಲ್. ಹೊಣೆ ತನ್ನದೆಂದು ಅವರೇ ಹೇಳಿದರು. ಇನ್ನು ಬಟ್ಲರ್ ಆ ತಂತ್ರವನ್ನು ಅಭ್ಯಾಸದಲ್ಲಿ ಮೊದಲೇ ಎದುರಿಸಿದ್ದರು, ಹಾಗಾಗಿ ಗುರುತಿಸಿ ಮುನ್ನುಗ್ಗಿದರು. ಒಂದು ಚೆಂಡು ಕೈತಪ್ಪಿದ್ದರ ಹಿಂದೆ ಕನಿಷ್ಠ ಮೂರು ಜನ ಇದ್ದರು.

ಹಾಗಾದರೆ ಆಟಗಾರರನ್ನು ಟೀಕಿಸಲೇಬಾರದೇ?

ಖಂಡಿತ ಟೀಕಿಸಬಹುದು. ಫೈನಲ್‌ನಲ್ಲಿ ರಾಹುಲ್ ಒಂದೆರಡು ಓವರ್‌ಗಳಲ್ಲಾದರೂ ಸ್ಪಿನ್ನರ್‌ಗಳ ಮೇಲೆ ಎರಗಬೇಕಿತ್ತು ಎನ್ನುವುದು ಸರಿಯಾದ ಟೀಕೆ. ನೆಲೆ ನಿಂತ ಬ್ಯಾಟರ್ 42ನೇ ಓವರ್‌ನಲ್ಲಿ ಔಟಾಗದೆ ಕೊನೆಯವರೆಗೂ ಇರಬೇಕಿತ್ತು ಎನ್ನುವುದೂ ಸರಿ. ಅಷ್ಟು ಎಸೆತ ಆಡಿದವರ ಹೊಣೆ ಉಳಿದವರಿಗಿಂತ ಸ್ವಲ್ಪ ಹೆಚ್ಚೇ.

ಆದರೆ ‘ಅವರದೂ ಪಾಲಿದೆ’ ಎನ್ನುವುದಕ್ಕೂ ‘ಅವರಿಂದಲೇ ಸೋತೆವು’ ಎನ್ನುವುದಕ್ಕೂ ಅಜಗಜಾಂತರ. ಅದೇ ಟೂರ್ನಿಯಲ್ಲಿ ರಾಹುಲ್ ಒಟ್ಟು 452 ರನ್ ಗಳಿಸಿದ್ದರು. ನೆದರ್ಲೆಂಡ್ಸ್ ವಿರುದ್ಧ ಬೆಂಗಳೂರಿನಲ್ಲಿ 64 ಎಸೆತಗಳಲ್ಲಿ 102 ಹೊಡೆದಿದ್ದರು. ಬೇಗ ಆಡಲು ಬಾರದವರೇನಲ್ಲ. 2025ರ ಮಾರ್ಚ್ 9ರಂದು ದುಬೈನಲ್ಲಿ ನಡೆದ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ 33 ಎಸೆತಗಳಲ್ಲಿ ಔಟಾಗದೆ 34 ರನ್ ಗಳಿಸಿ ಗೆಲುವಿನ ದಡ ಸೇರಿಸಿದವರಲ್ಲಿ ಅವರೂ ಒಬ್ಬರು. ಆ ಗೆಲುವನ್ನು ರಾಹುಲ್ ಒಬ್ಬರ ಹೆಸರಿಗೆ ಯಾರೂ ಬರೆಯಲಿಲ್ಲ, ಬರೆಯಬೇಕಾಗಿಯೂ ಇಲ್ಲ. ಗೆಲುವು ಹನ್ನೊಂದು ಜನರದಾದರೆ ಸೋಲೂ ಹನ್ನೊಂದು ಜನರದೇ.

ಒಂದು ಫಾರ್ವರ್ಡ್‌ನಿಂದ ಏನು ನಷ್ಟ?

‘ತಮಾಷೆಗೆ ಕಳಿಸಿದ್ದು ಮಾರಾಯ್ರೆ, ಇಷ್ಟು ಗಂಭೀರ ಯಾಕೆ?’ ಎಂದು ನೀವು ಕೇಳಬಹುದು. ಕೆಲವು ಘಟನೆಗಳನ್ನು ನೋಡಿ.

2021ರ ಅಕ್ಟೋಬರ್ 24ರಂದು ಟಿ20 ವಿಶ್ವಕಪ್‌ನಲ್ಲಿ ಭಾರತ ಪಾಕಿಸ್ತಾನದ ಎದುರು 10 ವಿಕೆಟ್‌ಗಳಿಂದ ಸೋತಿತು. 10 ವಿಕೆಟ್‌ಗಳ ಸೋಲು ಎಂದರೆ ಯಾವ ಬೌಲರ್‌ಗೂ ಒಂದು ವಿಕೆಟ್ ಸಿಗಲಿಲ್ಲ ಎಂದರ್ಥ. ಆದರೂ ಜಾಲತಾಣಗಳಲ್ಲಿ ನಿಂದನೆ ಸುರಿದದ್ದು ಮೊಹಮ್ಮದ್ ಶಮಿ ಮೇಲೆ, ಅದೂ ಅವರ ಧರ್ಮವನ್ನು ಎಳೆದು ತಂದು. ಆಗಿನ ನಾಯಕ ಕೊಹ್ಲಿ ಬಹಿರಂಗವಾಗಿ ಅವರ ಪರ ನಿಲ್ಲಬೇಕಾಯಿತು. ಇದೇ ಶಮಿ 2023ರ ವಿಶ್ವಕಪ್‌ನಲ್ಲಿ 7 ಪಂದ್ಯಗಳಿಂದ 24 ವಿಕೆಟ್ ಪಡೆದು ಎಲ್ಲ ಬೌಲರ್‌ಗಳಿಗಿಂತ ಮುಂದಿದ್ದರು.

2022ರ ಸೆಪ್ಟೆಂಬರ್‌ನಲ್ಲಿ ಏಷ್ಯಾ ಕಪ್ ಪಂದ್ಯದಲ್ಲಿ ಅರ್ಶದೀಪ್ ಸಿಂಗ್ ಒಂದು ಕ್ಯಾಚ್ ಬಿಟ್ಟರು. ಅವರನ್ನು ಪ್ರತ್ಯೇಕತಾವಾದದ ಜೊತೆ ಸೇರಿಸಿ ಕೆಲವರು ವಿಕಿಪೀಡಿಯ ಪುಟವನ್ನೇ ತಿದ್ದಿದರು. ಕೇಂದ್ರ ಸರ್ಕಾರ ವಿಕಿಪೀಡಿಯದಿಂದ ವಿವರಣೆ ಕೇಳುವವರೆಗೂ ವಿಷಯ ಹೋಯಿತು. 2024ರಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದಾಗ 17 ವಿಕೆಟ್ ಪಡೆದು ತಂಡದಲ್ಲಿ ಮೊದಲಿಗರಾದವರು ಅದೇ ಅರ್ಶದೀಪ್.

ಎಲ್ಲಕ್ಕಿಂತ ಕಹಿಯಾದದ್ದು ಕೊಲಂಬಿಯಾದ ಕಥೆ. 1994ರ ಜೂನ್ 22ರಂದು ಫುಟ್‌ಬಾಲ್ ವಿಶ್ವಕಪ್‌ನಲ್ಲಿ ರಕ್ಷಣಾ ಆಟಗಾರ ಆಂಡ್ರೆಸ್ ಎಸ್ಕೊಬಾರ್ ಎದುರಾಳಿಯ ಪಾಸ್ ತಡೆಯಲು ಕಾಲು ಚಾಚಿದಾಗ ಚೆಂಡು ತಮ್ಮದೇ ಗೋಲಿನೊಳಗೆ ಹೋಯಿತು. ಕೊಲಂಬಿಯಾ 1–2ರಿಂದ ಅಮೆರಿಕಕ್ಕೆ ಸೋತಿತು. ಅದಕ್ಕೂ ಮೊದಲಿನ ಪಂದ್ಯವನ್ನು ತಂಡ ರೊಮೇನಿಯಾ ಎದುರು 1–3ರಿಂದ ಕಳೆದುಕೊಂಡಿತ್ತು. ಆದರೆ ನೆನಪಿನಲ್ಲಿ ಉಳಿದದ್ದು ಒಂದೇ ಕಾಲು. ಜುಲೈ 2ರಂದು ಮೆಡೆಲಿನ್ ನಗರದಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಆಗ ಅವರಿಗೆ 27 ವರ್ಷ.

ಎಲ್ಲ ಮೀಮ್‌ಗಳೂ ಅಲ್ಲಿಗೆ ಹೋಗುವುದಿಲ್ಲ, ನಿಜ. ಆದರೆ ದೊಡ್ಡವರು ಕಳಿಸುವ ಸಂದೇಶವನ್ನು ಮಕ್ಕಳು ಓದುತ್ತಾರೆ. ಭಾನುವಾರ ಮೈದಾನದಲ್ಲಿ ಕ್ಯಾಚ್ ಬಿಟ್ಟ ಹುಡುಗನನ್ನು ಮಿಕ್ಕವರು ಹೇಗೆ ನಡೆಸಿಕೊಳ್ಳಬೇಕು ಎಂಬ ಪಾಠ ಅವರಿಗೆ ಸಿಗುವುದು ಅಲ್ಲಿಂದಲೇ.

ಮುಂದಿನ ಸಲ ಫಾರ್ವರ್ಡ್ ಒತ್ತುವ ಮೊದಲು

• ಒಬ್ಬರ ಅಂಕಿ ಮಾತ್ರ ಇದೆಯೇ, ಜೊತೆಗಾರರ ಅಂಕಿಯೂ ಇದೆಯೇ? ಪೂರ್ತಿ ಸ್ಕೋರ್‌ಕಾರ್ಡ್ ಮೊಬೈಲ್‌ನಲ್ಲಿ ಒಂದು ನಿಮಿಷದ ಕೆಲಸ.

• ಆ ಆಟಗಾರ ಕಣಕ್ಕಿಳಿದಾಗ ಪರಿಸ್ಥಿತಿ ಏನಿತ್ತು?

• ತಂಡ ಗೆದ್ದಿದ್ದರೆ ಇದೇ ಆಟವನ್ನು ನಾವು ಏನೆಂದು ಕರೆಯುತ್ತಿದ್ದೆವು?

• ಎದುರಾಳಿ ಚೆನ್ನಾಗಿ ಆಡಿದ್ದಕ್ಕೆ ಎಷ್ಟು ಪಾಲು ಕೊಟ್ಟಿದ್ದೇವೆ?

• ಟೀಕೆ ಆಟದ ಬಗ್ಗೆ ಇದೆಯೇ, ಅಥವಾ ಜಾತಿ, ಧರ್ಮ, ಊರು, ಮನೆಯವರನ್ನು ಎಳೆದು ತರುತ್ತಿದೆಯೇ? ಎರಡನೆಯದಾದರೆ ಅಲ್ಲೇ ಡಿಲೀಟ್ ಮಾಡಿ.

ಕೊನೆಗೆ ನಮ್ಮ ತೀರ್ಪು: ರಾಹುಲ್ 107 ಎಸೆತಗಳಲ್ಲಿ 66 ರನ್ ಗಳಿಸಿದ್ದು ನಿಜ. ನಿಧಾನವಾಗಿ ಆಡಿದ್ದೂ ನಿಜ. ಸೋಲಿಗೆ ಅವರೊಬ್ಬರೇ ಕಾರಣ ಎಂಬುದು ತಪ್ಪು. ಆ ಮೀಮ್ ನಿಮ್ಮ ಗುಂಪಿಗೆ ಮತ್ತೆ ಬಂದರೆ ಕೆಳಗೆ ಒಂದೇ ಸಾಲು ಬರೆದು ನೋಡಿ: ‘ಲಾಬುಶೇನ್, 110 ಎಸೆತ, 58 ರನ್.’